ಗ್ರಹಗಳಿಲ್ಲದ ಗ್ರಹಸಂಗೀತ

ಬಾಹ್ಯಾಕಾಶದ ಸಂಗೀತ ಬೇಕೆಂದು ಯಾವುದೇ ಆ್ಯಪ್‌ನಲ್ಲಿ ಹುಡುಕಿದರೂ ಹೆಚ್ಚುಕಡಿಮೆ ಒಂದೇ ಪಟ್ಟಿ ಎದುರಾಗುತ್ತದೆ. ರಿಚರ್ಡ್ ಸ್ಟ್ರಾಸ್‌ನ ‘ಆಲ್ಸೋ ಸ್ಪ್ರಾಖ್ ಜರತುಸ್ತ್ರ’ದ ಮೊದಲ ಎರಡು ನಿಮಿಷ, ಯೋಹಾನ್ ಸ್ಟ್ರಾಸ್‌ನ ‘ಬ್ಲೂ ಡ್ಯಾನ್ಯೂಬ್’, ಲಿಗೆಟಿಯ ‘ಅಟ್ಮಾಸ್ಫಿಯರ್ಸ್’, ಜಾನ್ ವಿಲಿಯಮ್ಸ್‌ನ ‘ಸ್ಟಾರ್ ವಾರ್ಸ್’, ಮತ್ತೆ ತಪ್ಪದೆ ಗುಸ್ತಾವ್ ಹೋಲ್ಸ್ಟ್‌ನ ‘ದಿ ಪ್ಲಾನೆಟ್ಸ್’. ಪಟ್ಟಿಯ ಮೇಲೆ ಒಂದು ನೆಬ್ಯುಲಾದ ಚಿತ್ರ, ಒಂದು ಉಂಗುರದ ಗ್ರಹ, ಒಬ್ಬ ಒಂಟಿ ಗಗನಯಾತ್ರಿ. ಕೇಳಲು ಕೂತವನಿಗೆ ಏನನ್ನು ಕಾಣಬೇಕೆಂಬ ಆದೇಶ ಮೊದಲ ಸ್ವರಕ್ಕೂ ಮುಂಚೆಯೇ ಸಿಕ್ಕಿಬಿಟ್ಟಿರುತ್ತದೆ.

ಈ ಪಟ್ಟಿಯಲ್ಲಿರುವ ಕೃತಿಗಳಲ್ಲಿ ಹೆಚ್ಚಿನವು ಬಾಹ್ಯಾಕಾಶವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ. ‘ಜರತುಸ್ತ್ರ’ 1896ರದು, ನೀತ್ಷೆಯ ಗ್ರಂಥದ ಮೊದಲಿಗೆ ಬರುವ ಸೂರ್ಯೋದಯ ಅದರ ಆರಂಭಕ್ಕೆ ಪ್ರೇರಣೆ. ‘ಬ್ಲೂ ಡ್ಯಾನ್ಯೂಬ್’ 1867ರ ವಿಯೆನ್ನಾದ ನೃತ್ಯಸಂಗೀತ. ‘ಅಟ್ಮಾಸ್ಫಿಯರ್ಸ್’ 1961ರಲ್ಲಿ ಬಂದಾಗ ಅದರ ಕುತೂಹಲವೆಲ್ಲ ರಾಗವೂ ಲಯವೂ ಕರಗಿಹೋದ ಮೇಲೆ ವಾದ್ಯವೃಂದದಲ್ಲಿ ಏನು ಉಳಿಯುತ್ತದೆ ಎಂಬುದರ ಬಗ್ಗೆ. ಇವನ್ನು ಆಕಾಶಕ್ಕೆ ಕಳಿಸಿದವನು ಸ್ಟ್ಯಾನ್ಲಿ ಕುಬ್ರಿಕ್. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗಾಗಿ ಅಲೆಕ್ಸ್ ನಾರ್ತ್ ಹೊಸದಾಗಿ ಬರೆದುಕೊಟ್ಟ ಸಂಗೀತವನ್ನು ಬದಿಗಿಟ್ಟು, ಅಂಗಡಿಯಲ್ಲಿ ಸಿಗುತ್ತಿದ್ದಂಥ ರೆಕಾರ್ಡುಗಳನ್ನೇ ಅವನು ಚಿತ್ರಕ್ಕೆ ಹೊಂದಿಸಿದ. ತನ್ನ ಸಂಗೀತ ಚಿತ್ರದಲ್ಲಿ ಹೇಗೆ, ಎಷ್ಟು ಬಳಕೆಯಾಗಿದೆ ಎಂಬುದು ಲಿಗೆಟಿಗೆ ಗೊತ್ತಾದದ್ದು ಆಮೇಲೆ. ಅಂದರೆ ಇಂದು ನಾವು ‘ಬಾಹ್ಯಾಕಾಶದ ನಾದ’ ಎಂದು ಗುರುತಿಸುವುದರಲ್ಲಿ ದೊಡ್ಡ ಪಾಲು ಒಬ್ಬ ಸಿನಿಮಾ ನಿರ್ದೇಶಕನ ರೆಕಾರ್ಡು ಸಂಗ್ರಹದ ಫಲ.

ಹಾಗಿದ್ದರೆ ಹೋಲ್ಸ್ಟ್? ಅವನ ಕೃತಿಯ ಹೆಸರೇ ಗ್ರಹಗಳು. ಏಳು ಭಾಗ, ಒಟ್ಟು ಐವತ್ತು ನಿಮಿಷದ ಆಸುಪಾಸು. 1914ರಲ್ಲಿ ಮಂಗಳ, ಶುಕ್ರ, ಗುರು, ಮರುವರ್ಷ ಶನಿ, ಯುರೇನಸ್, ನೆಪ್ಚೂನ್, 1916ರಲ್ಲಿ ಬುಧ. ಆಗ ಅವನು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯ ಸಂಗೀತದ ಮೇಷ್ಟ್ರು. ಬಲಗೈಯ ನರದ ನೋವಿನಿಂದಾಗಿ ಅಷ್ಟು ದೊಡ್ಡ ವಾದ್ಯವೃಂದದ ಸ್ವರಲಿಪಿಯನ್ನು ಒಬ್ಬನೇ ಬರೆದು ಮುಗಿಸಲು ಅವನಿಂದ ಆಗುತ್ತಿರಲಿಲ್ಲ. ಶಾಲೆಯ ಸಹೋದ್ಯೋಗಿಗಳು ಅವನು ಹೇಳಿದಂತೆ ಬರೆದುಕೊಟ್ಟರು. ಮೊದಲ ಪ್ರಯೋಗ 1918ರ ಸೆಪ್ಟೆಂಬರ್ 29ರಂದು, ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ, ಆಹ್ವಾನಿತರಿಗಷ್ಟೇ. ಗೆಳೆಯ ಬಾಲ್ಫರ್ ಗಾರ್ಡಿನರ್ ಸಭಾಂಗಣ, ವಾದ್ಯವೃಂದ ಎರಡರ ಖರ್ಚನ್ನೂ ಕೊಟ್ಟಿದ್ದ. ನಿರ್ದೇಶಿಸಿದವನು ಇಪ್ಪತ್ತೊಂಬತ್ತರ ಏಡ್ರಿಯನ್ ಬೋಲ್ಟ್.

ಆದರೆ ಹೋಲ್ಸ್ಟ್‌ನ ಗ್ರಹಗಳು ದೂರದರ್ಶಕದಲ್ಲಿ ಕಾಣುವ ಗ್ರಹಗಳಲ್ಲ, ಜಾತಕದ ಗ್ರಹಗಳು. 1913ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಗೆಳೆಯರ ಜೊತೆ ಹೋದಾಗ ಬರಹಗಾರ ಕ್ಲಿಫರ್ಡ್ ಬ್ಯಾಕ್ಸ್ ಅವನಿಗೆ ಜ್ಯೋತಿಷದ ರುಚಿ ಹತ್ತಿಸಿದ. ಗೆಳೆಯರ ಕುಂಡಲಿ ಹಾಕುವ ಹವ್ಯಾಸ ಅವನಿಗೆ ಕೊನೆಯವರೆಗೂ ಉಳಿಯಿತು. ಹಾಗಾಗಿಯೇ ಏಳು ಭಾಗಗಳಲ್ಲಿ ಭೂಮಿ ಇಲ್ಲ. ಕ್ರಮವೂ ಸೂರ್ಯನಿಂದ ಇರುವ ದೂರದ ಪ್ರಕಾರ ಇಲ್ಲ. ಮಂಗಳ ಮೊದಲು, ಬುಧ ಮೂರನೆಯದು. ಮಂಗಳ ಯುದ್ಧ ತರುವವನು, ಶುಕ್ರ ಶಾಂತಿ ತರುವವಳು, ಗುರು ಉಲ್ಲಾಸ, ಶನಿ ಮುಪ್ಪು ಎಂಬ ಉಪಶೀರ್ಷಿಕೆಗಳು ಮನುಷ್ಯ ಸ್ವಭಾವದ ಏಳು ಮುಖಗಳನ್ನು ಹೆಸರಿಸುತ್ತವೆ. ಮೊದಲಿಗೆ ಕೃತಿಯ ಹೆಸರು ‘ದೊಡ್ಡ ವಾದ್ಯವೃಂದಕ್ಕೆ ಏಳು ತುಣುಕುಗಳು’ ಎಂದಷ್ಟೇ ಇತ್ತು.

ಇದನ್ನು ಮರೆತಾಗ ಆಗುವ ಎಡವಟ್ಟನ್ನು ಸಂಗೀತದ ಜೊತೆ ಗ್ರಹಗಳ ವೀಡಿಯೊ ತೋರಿಸುವ ಪ್ರದರ್ಶನಗಳಲ್ಲಿ ನೋಡಬಹುದು. 2010ರಲ್ಲಿ ಹ್ಯೂಸ್ಟನ್ ಸಿಂಫನಿ ಇಡೀ ಕೃತಿಗೆ ಅಂಥ ಚಲನಚಿತ್ರ ಜೋಡಿಸಿತು. ಈಗ ಯೂಟ್ಯೂಬಿನಲ್ಲಿ ಇಂಥವು ಬೇಕಾದಷ್ಟಿವೆ. ಶುಕ್ರದ ಭಾಗದಲ್ಲಿ ಒಂಟಿ ಕಹಳೆ ಮೆಲ್ಲಗೆ ಏರುತ್ತದೆ, ಕೊಳಲುಗಳು ಅದಕ್ಕೆ ಇಳಿಯುತ್ತ ಉತ್ತರಿಸುತ್ತವೆ. ಪರದೆಯ ಮೇಲೋ, ಸುಮಾರು 460 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ನಮ್ಮ ತೊಂಬತ್ತು ಪಟ್ಟು ವಾಯುಒತ್ತಡದ ನೆಲ. ಮಂಗಳದ ಭಾಗದಲ್ಲಿ ಐದರ ಎಣಿಕೆಯ ನಿರ್ದಯ ಲಯ ಎದೆಯ ಮೇಲೆ ಕುಟ್ಟುತ್ತಿರುವಾಗ ಕಾಣುವುದು ನಮ್ಮ ಶೇಕಡಾ ಒಂದರಷ್ಟೂ ಗಾಳಿಯ ಒತ್ತಡವಿಲ್ಲದ ತಣ್ಣನೆಯ ಮರಳುಗಾಡು. ಚಿತ್ರವೂ ಸುಳ್ಳಲ್ಲ, ಸಂಗೀತವೂ ಸುಳ್ಳಲ್ಲ. ಎರಡನ್ನೂ ಒಂದೇ ವಸ್ತುವಿನ ವರ್ಣನೆ ಎಂದು ಭಾವಿಸುವುದು ಸುಳ್ಳು.

ಜಾತಕದ ಗ್ರಹಗಳನ್ನು ಹಾಡಾಗಿಸಿದ್ದು ಹೋಲ್ಸ್ಟ್ ಒಬ್ಬನೇ ಅಲ್ಲವೆಂಬುದು ಕರ್ನಾಟಕ ಸಂಗೀತ ಕೇಳುವವರಿಗೆ ಗೊತ್ತು. ಅವನಿಗಿಂತ ಸುಮಾರು ಒಂದು ಶತಮಾನ ಮುಂಚೆ ಮುತ್ತುಸ್ವಾಮಿ ದೀಕ್ಷಿತರು ಗ್ರಹಗಳ ಮೇಲೆ ಕೃತಿಗಳನ್ನು ಕಟ್ಟಿದರು. ಸೂರ್ಯನಿಂದ ಶನಿಯವರೆಗಿನ ಏಳಕ್ಕೆ ಸೂಳಾದಿಯ ಏಳು ತಾಳಗಳನ್ನು ಹಂಚಿದರು. ಅವರ ಅಂಗಾರಕ, ಅಂದರೆ ಮಂಗಳ, ಸುರಟಿ ರಾಗದಲ್ಲಿ, ರೂಪಕ ತಾಳದಲ್ಲಿದ್ದಾನೆ. ಸುರಟಿಯ ಬಳುಕು ಬಲ್ಲವರಾರೂ ಅಲ್ಲಿ ರಣಭೇರಿಯನ್ನು ಹುಡುಕುವುದಿಲ್ಲ. ಕೇಳುವುದು ಶರಣಾದವನ ಆರ್ದ್ರತೆ. ಹೋಲ್ಸ್ಟ್‌ನಲ್ಲಿ ಅದೇ ಗ್ರಹದ ಮೊದಲ ಸದ್ದು ತಂತಿಯ ಮೇಲೆ ಕಮಾನಿನ ಮರವನ್ನೇ ಬಡಿದು ಹೊರಡಿಸುವ ಒಣ ಟಕಟಕ. ಇಬ್ಬರೂ ಗ್ರಹದ ಸ್ವಭಾವವನ್ನು ಶಾಸ್ತ್ರದಿಂದಲೇ ಪಡೆದವರು, ಇಬ್ಬರೂ ಅದನ್ನು ನಂಬಿಕೆಯಿಂದಲೇ ಬಳಸಿದವರು. ಆದರೆ ನಾದ ತೀರ್ಮಾನವಾದದ್ದು ಗ್ರಹದಿಂದಲ್ಲ, ಅದರೆದುರು ಮನುಷ್ಯ ಹೇಗೆ ನಿಂತಿದ್ದಾನೆ ಎಂಬುದರಿಂದ: ಒಬ್ಬರಲ್ಲಿ ಕೈಮುಗಿದು, ಇನ್ನೊಬ್ಬರಲ್ಲಿ ಬೆದರಿ.

ಆಕಾಶವನ್ನು ನಿಜಕ್ಕೂ ಕಂಡ ಸಂಗೀತಗಾರನೊಬ್ಬನಿದ್ದ. ವಿಲಿಯಂ ಹರ್ಷಲ್ ಜರ್ಮನಿಯಿಂದ ಬಂದ ಓಬೋ ವಾದಕ, ಬಾತ್ ಊರಿನ ಆಕ್ಟಗನ್ ಚಾಪೆಲ್‌ನ ಆರ್ಗನ್ ವಾದಕ, ಇಪ್ಪತ್ತಕ್ಕೂ ಹೆಚ್ಚು ಸಿಂಫನಿಗಳ ಕರ್ತೃ. 1781ರ ಮಾರ್ಚ್ 13ರಂದು ತಾನೇ ಮಾಡಿದ ದೂರದರ್ಶಕದಲ್ಲಿ ಯುರೇನಸ್ಸನ್ನು ಕಂಡವನು ಅವನೇ. ಅವನ ಸಿಂಫನಿಗಳ ಧ್ವನಿಮುದ್ರಣಗಳು ಈಗ ಸಿಗುತ್ತವೆ. ಹದಿನೆಂಟನೆಯ ಶತಮಾನದ ಅಚ್ಚುಕಟ್ಟಾದ, ಚುರುಕಾದ ಸಂಗೀತ ಅದು. ಅವನ್ನು ಬರೆದದ್ದು ಅವನು ಖಗೋಳಕ್ಕೆ ತಿರುಗುವ ಮುಂಚಿನ ವರ್ಷಗಳಲ್ಲಿ ಎಂಬುದು ನಿಜ. ಆದರೆ ಗ್ರಹವನ್ನು ಕಂಡ ಮೇಲೆ ಅವನು ಬರೆದದ್ದು ಖಗೋಳದ ಪ್ರಬಂಧಗಳನ್ನು. ಕಂಡದ್ದನ್ನು ಸ್ವರಕ್ಕೆ ತರಬೇಕೆಂಬ ತುರ್ತು ಅವನನ್ನು ಕಾಡಿದಂತಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಮೂಲದಲ್ಲಿ ಇಲ್ಲದಿದ್ದರೇನಂತೆ, ಈಗ ಬಂದು ಸೇರಿದೆಯಲ್ಲ? ರಾಗಕ್ಕೂ ಹೊತ್ತಿಗೂ ಇರುವ ನಂಟು ರೂಢಿಯಿಂದಲೇ ಗಟ್ಟಿಯಾದದ್ದಲ್ಲವೇ? ಅರ್ಧ ಶತಮಾನ ಲಕ್ಷಾಂತರ ಜನ ಲಿಗೆಟಿಯನ್ನು ಕೇಳಿ ಕಪ್ಪು ಶೂನ್ಯವನ್ನು ಕಂಡಿದ್ದರೆ ಆ ಅರ್ಥವೂ ಕೃತಿಯದೇ. ಈ ವಾದದಲ್ಲಿ ಹುರುಳಿದೆ. ಕುಬ್ರಿಕ್ ಆ ಸಂಗೀತದ ಯಾವುದೋ ಗುಣವನ್ನು ಸರಿಯಾಗಿಯೇ ಹಿಡಿದ. ಇಲ್ಲವಾದರೆ ಆ ಜೋಡಣೆ ಇಷ್ಟು ಕಾಲ ನಿಲ್ಲುತ್ತಿರಲಿಲ್ಲ. ನನ್ನ ತಕರಾರು ರೂಢಿ ಬೆಳೆದದ್ದಕ್ಕಲ್ಲ. ಚಿತ್ರ ಕಣ್ಣ ಮುಂದೆ ಬಂದ ಕೂಡಲೇ ಕಿವಿ ತನ್ನ ಕೆಲಸ ಮುಗಿಯಿತೆಂದು ಕೈಬಿಡುತ್ತದೆ. ಕುಬ್ರಿಕ್‌ನ ಕಿವಿ ಹಿಡಿದ ಆ ಗುಣ ಯಾವುದು ಎಂದು ಕೇಳುವ ಗೋಜಿಗೇ ನಾವು ಹೋಗುವುದಿಲ್ಲ.

ನನ್ನ ಪ್ರಕಾರ ಆ ಗುಣ ದೂರ. ಸಂಗೀತಕ್ಕೆ ನಕ್ಷತ್ರವನ್ನು ತೋರಿಸಲು ಬಾರದು, ಬೆಂಕಿ ಹಿಮಗಳನ್ನು ತೋರಿಸಲು ಬಾರದು. ದೂರವನ್ನು ಮಾತ್ರ ಅದು ಯಾವ ಅನುಕರಣೆಯೂ ಇಲ್ಲದೆ ನೇರವಾಗಿ ತಂದುಕೊಡಬಲ್ಲದು. ಹೋಲ್ಸ್ಟ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ನೆಪ್ಚೂನ್ ಭಾಗದ ಉದ್ದಕ್ಕೂ ವಾದ್ಯವೃಂದ ಅತಿ ಮೆದುವಾಗಿಯೇ ನುಡಿಸಬೇಕೆಂದು ಅವನು ಬರೆದ. ಕೊನೆಯ ಹಂತದಲ್ಲಿ ಮಾತಿಲ್ಲದ ಹೆಣ್ಣುಧ್ವನಿಗಳು ಸೇರುತ್ತವೆ. ಆ ಗಾಯಕಿಯರು ವೇದಿಕೆಯ ಮೇಲೆ ಇರಬಾರದು. ಪಕ್ಕದ ಕೋಣೆಯಲ್ಲಿರಬೇಕು, ನಡುವಿನ ಬಾಗಿಲು ತೆರೆದಿರಬೇಕು, ಕೊನೆಗೆ ಅದನ್ನು ಸದ್ದಾಗದಂತೆ ನಿಧಾನವಾಗಿ ಮುಚ್ಚಬೇಕು. ಕಡೆಯ ಆವರ್ತವನ್ನು ನಾದ ದೂರದಲ್ಲಿ ಅಳಿದುಹೋಗುವವರೆಗೆ ಮತ್ತೆ ಮತ್ತೆ ಹಾಡಬೇಕು. ಕೃತಿಗೆ ಮುಕ್ತಾಯದ ಸ್ವರವೇ ಇಲ್ಲ. 1918ರಲ್ಲಿ ಕ್ವೀನ್ಸ್ ಹಾಲ್‌ನ ಬಾಗಿಲಾಚೆ ನಿಂತು ಅದನ್ನು ಹಾಡಿದವರು ಅವನ ಶಿಷ್ಯೆಯರೇ.

ಈ ಉಪಾಯವನ್ನು ಅವನು ಮೊದಲು ಕಂಡುಕೊಂಡದ್ದು ಗ್ರಹಗಳಲ್ಲಿ ಅಲ್ಲ, ಮಹಾಭಾರತದಲ್ಲಿ. ಸಂಸ್ಕೃತವನ್ನು ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಸ್ವರ ಹಾಕಿದ ಹೋಲ್ಸ್ಟ್, 1908ರ ಸುಮಾರಿಗೆ ‘ಸಾವಿತ್ರಿ’ ಎಂಬ ಪುಟ್ಟ ಆಪೆರಾ ಬರೆದ. ಅದು ಶುರುವಾಗುವುದು ಯಾವ ವಾದ್ಯದ ಆಸರೆಯೂ ಇಲ್ಲದೆ, ಮರೆಯಿಂದ ಕೇಳುವ ಯಮನ ದನಿಯಿಂದ. ಮುಂದೆ ಮರೆಯಲ್ಲೇ ನಿಂತು ಪದಗಳಿಲ್ಲದೆ ಹಾಡುವ ಮೇಳವೂ ಬರುತ್ತದೆ. ಸತ್ಯವಾನನ ಸಾವು ಎಷ್ಟು ದೂರದಲ್ಲಿದೆ, ಎಷ್ಟು ಹತ್ತಿರ ಬಂತು ಎಂಬುದನ್ನು ಕಿವಿಗೆ ತಿಳಿಸಬೇಕಾಗಿದ್ದಾಗ ಹೊಳೆದ ದಾರಿ ನೆಪ್ಚೂನ್‌ನಲ್ಲಿ ಪಕ್ವವಾಯಿತು. ಅದೇ ವರ್ಷಗಳಲ್ಲಿ, 1916ರಿಂದ 1918ರ ನಡುವೆ, ಡೆನ್ಮಾರ್ಕಿನ ರೂಡ್ ಲಾಂಗೋರ್ ‘ಗೋಳಗಳ ಸಂಗೀತ’ ಎಂಬ ಕೃತಿ ಬರೆದು, ಮುಖ್ಯ ವಾದ್ಯವೃಂದದಿಂದ ದೂರದಲ್ಲಿ ಇನ್ನೊಂದು ಚಿಕ್ಕ ವಾದ್ಯವೃಂದವನ್ನು, ಒಬ್ಬ ಗಾಯಕಿಯನ್ನು ಇರಿಸಿದ. 1921ರಲ್ಲಿ ಜರ್ಮನಿಯಲ್ಲಿ ಮೊದಲು ಕೇಳಿಬಂದ ಅದು ಹತ್ತಿರ ಹತ್ತಿರ ಅರ್ಧ ಶತಮಾನ ಮರೆವಿಗೆ ಸರಿದಿತ್ತು. ಗಗನದ ಬಗ್ಗೆ ಯೋಚಿಸಿದ ಇಬ್ಬರೂ ಪ್ರತ್ಯೇಕವಾಗಿ ಬಂದು ತಲುಪಿದ್ದು ಒಂದೇ ತಂತ್ರಕ್ಕೆ: ನಾದದ ಒಂದು ಭಾಗವನ್ನು ಕೇಳುಗರಿಂದ ದೂರ ಒಯ್ಯುವುದಕ್ಕೆ.

ದೂರವೆಂದರೆ ಸದ್ದು ಕಡಿಮೆಯಾಗುವುದಷ್ಟೇ ಅಲ್ಲ. ಕರಾವಳಿಯಲ್ಲಿ ರಾತ್ರಿ ಗದ್ದೆಯಾಚೆಯ ಯಕ್ಷಗಾನದ ಚೆಂಡೆ ಕೇಳಿದವರು ಆಟ ಎಲ್ಲಿ ನಡೆಯುತ್ತಿದೆ, ಎಷ್ಟು ನಡೆಯಬೇಕು ಎಂದು ಲೆಕ್ಕ ಹಾಕುವುದು ಸದ್ದಿನ ಪ್ರಮಾಣದಿಂದ ಮಾತ್ರವಲ್ಲ. ಪೆಟ್ಟಿನ ಮೊನಚು ಎಷ್ಟು ಸವೆದಿದೆ ಎಂಬುದರಿಂದ. ಗಾಳಿ, ಗೋಡೆ, ಬಾಗಿಲು ಎಲ್ಲವೂ ಹೆಚ್ಚಿನ ಕಂಪನಾಂಕದ ಅಂಶವನ್ನು ಮೊದಲು ತಿನ್ನುತ್ತವೆ, ಮಂದ್ರವನ್ನು ಉಳಿಸುತ್ತವೆ. ಕಟ್ಟಡದೊಳಗಾದರೆ ನೇರವಾಗಿ ಬಂದ ನಾದಕ್ಕೂ ಗೋಡೆಗೆ ತಾಗಿ ಬಂದ ಪ್ರತಿಧ್ವನಿಗೂ ಇರುವ ಪ್ರಮಾಣ ಬದಲಾಗುತ್ತದೆ. ಕಿವಿ ಇವೆಲ್ಲವನ್ನೂ ಕೂಡಿಸಿ ‘ಅಷ್ಟು ದೂರ’ ಎನ್ನುತ್ತದೆ. ಇದಕ್ಕೆ ಯಾವ ರೂಢಿಯೂ ಬೇಡ, ಸಿನಿಮಾ ನೋಡಿರಬೇಕಾಗಿಲ್ಲ. ಹೋಲ್ಸ್ಟ್‌ನ ಬಾಗಿಲು ಕೆಲಸ ಮಾಡುವುದು ಈ ನೆಲೆಯಲ್ಲಿ.

ಈಗ ಧ್ವನಿಮುದ್ರಣದ ಪ್ರಶ್ನೆ. ‘ದಿ ಪ್ಲಾನೆಟ್ಸ್’ ಕೇಳುವ ಬಹುಪಾಲು ಜನರಿಗೆ ಅದು ಮುದ್ರಣದಲ್ಲೇ ಸಿಗುವುದು. ಪೂರ್ಣ ಪ್ರಮಾಣದ ಸಿಂಫನಿ ವಾದ್ಯವೃಂದವನ್ನು ಎದುರಿಗೆ ಕೂತು ಕೇಳುವ ಅವಕಾಶ ಕನ್ನಡ ನಾಡಿನಲ್ಲಿ ಅಪರೂಪ. ಅತಿ ಹತ್ತಿರ ಮೈಕಿಟ್ಟು ಎಲ್ಲವನ್ನೂ ಹತ್ತಿರ ತರಬಲ್ಲ ಈ ಮಾಧ್ಯಮ, ದೂರವನ್ನೇ ಜೀವಾಳವಾಗಿಸಿಕೊಂಡ ಸಂಗೀತಕ್ಕೆ ಏನು ಮಾಡುತ್ತದೆ?

ಮೊದಮೊದಲು ಅದು ದೂರವನ್ನು ಅಳಿಸಿಯೇ ಹಾಕಿತು. ಹೋಲ್ಸ್ಟ್ ಲಂಡನ್ ಸಿಂಫನಿಯ ಜೊತೆ ಈ ಕೃತಿಯನ್ನು ಎರಡು ಸಲ ತಾನೇ ನಿರ್ದೇಶಿಸಿ ಮುದ್ರಿಸಿದ. 1920ರ ದಶಕದ ಆರಂಭದ ಮೊದಲ ಮುದ್ರಣದ ಹೊತ್ತಿಗೆ ಮೈಕು ಬಂದಿರಲಿಲ್ಲ. ವಾದಕರು ಒಂದು ದೊಡ್ಡ ತುತ್ತೂರಿಯ ಬಾಯಿಗೆ ಒತ್ತಿಕೊಂಡು ಕೂತು ನುಡಿಸಬೇಕಿತ್ತು. ಹತ್ತಿರ ಬಾರದ ವಾದ್ಯ ಕೇಳುತ್ತಲೇ ಇರಲಿಲ್ಲ. 1926ರಲ್ಲಿ ವಿದ್ಯುತ್ ಮೈಕಿನೊಂದಿಗೆ ಎರಡನೆಯದು. ಆಗಲೂ ರೆಕಾರ್ಡಿನ ಒಂದು ಮುಖಕ್ಕೆ ನಾಲ್ಕು ನಿಮಿಷ ಚಿಲ್ಲರೆ. ಈ ಎರಡನೆಯ ಮುದ್ರಣದಲ್ಲಿ ಮಂಗಳ ಆರು ನಿಮಿಷದ ಆಸುಪಾಸಿಗೆ ಮುಗಿಯುತ್ತಾನೆ. ಬೋಲ್ಟ್‌ನ 1970ರ ದಶಕದ ಕೊನೆಯ ಮುದ್ರಣದಲ್ಲಿ ಎಂಟರ ಹತ್ತಿರ. ವೇಗಕ್ಕೆ ಕಾರಣ ರೆಕಾರ್ಡಿನ ಮುಖವೋ ಹೋಲ್ಸ್ಟ್‌ನ ಮನಸ್ಸೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಆದರೂ ಆ ಕರಕರ ಸದ್ದಿನ ನಡುವೆ ಕೇಳುವ ಮಂಗಳದಲ್ಲಿ ಮೆರವಣಿಗೆಯ ಗತ್ತು ಇಲ್ಲ, ಯಂತ್ರದ ಆತುರವಿದೆ. ಯಾವ ಗ್ರಹದ ಚಿತ್ರವೂ ಇಲ್ಲದೆ ಅದು ಹೆದರಿಸುತ್ತದೆ.

ಎಲ್‌ಪಿ, ಸ್ಟೀರಿಯೋಗಳ ಕಾಲದಲ್ಲಿ ದೂರ ಮರಳಿತು. ಈ ಇತಿಹಾಸದಲ್ಲಿ ಮೈಸೂರಿನದೂ ಒಂದು ಎಳೆಯಿದೆ. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಮುಖ್ಯವಾಗಿ ಧ್ವನಿಮುದ್ರಣಕ್ಕೆಂದೇ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದ ಕಷ್ಟದಲ್ಲಿದ್ದಾಗ ಹಣ ಕೊಟ್ಟು ಆಧರಿಸಿದವರು ಮಹಾರಾಜ ಜಯಚಾಮರಾಜ ಒಡೆಯರ್. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾಗಿದ್ದೂ ಯೂರೋಪಿನ ಸಂಗೀತವನ್ನು ಅವರು ಬಹುಮಟ್ಟಿಗೆ ಅರಿತದ್ದು ಮೈಸೂರಿನ ಅರಮನೆಯಲ್ಲಿ ಕೂತು ಕೇಳಿದ ರೆಕಾರ್ಡುಗಳಿಂದ. 1964ರಲ್ಲಿ ಲೆಗ್ ವೃಂದವನ್ನು ಮುಚ್ಚಹೊರಟಾಗ ವಾದಕರೇ ಸೇರಿ ನ್ಯೂ ಫಿಲ್ಹಾರ್ಮೋನಿಯಾ ಎಂದು ಉಳಿಸಿಕೊಂಡರು. ಎರಡು ವರ್ಷದ ಬಳಿಕ ಅದೇ ವೃಂದದೊಂದಿಗೆ ಏಡ್ರಿಯನ್ ಬೋಲ್ಟ್ ‘ದಿ ಪ್ಲಾನೆಟ್ಸ್’ ಮುದ್ರಿಸಿದ. 1918ರಲ್ಲಿ ಕೃತಿಗೆ ಜೀವ ಕೊಟ್ಟ ಅದೇ ಬೋಲ್ಟ್. ಒಟ್ಟು ಐದು ಬಾರಿ ಮುದ್ರಿಸಿದವನು. ಶನಿಯ ಭಾಗದಲ್ಲಿ ಅವನು ಅವಸರ ಮಾಡುವುದಿಲ್ಲ. ಎರಡೇ ಸ್ವರಪುಂಜಗಳ ನಡುವೆ ತೂಗಾಡುವ ಕೊಳಲು, ಹಾರ್ಪುಗಳು ಒಂದು ಕಡೆಯಿಂದ ನಡೆದುಬಂದು, ಎದೆ ನಡುಗಿಸುವ ಗಂಟೆಗಳಾಗಿ ಮೇಲೆ ಬಿದ್ದು, ಮತ್ತೆ ಇನ್ನೊಂದು ಕಡೆಗೆ ಸರಿದುಹೋಗುತ್ತವೆ. ಹೋಲ್ಸ್ಟ್‌ಗೆ ಏಳರಲ್ಲಿ ಅತಿ ಪ್ರಿಯವಾದದ್ದು ಈ ಭಾಗ.

ಮುದ್ರಣಗಳನ್ನು ಒರೆಗೆ ಹಚ್ಚಲು ಮಂಗಳದ ಅಬ್ಬರವನ್ನು ಬಳಸುವುದು ಹೈ-ಫೈ ಅಂಗಡಿಗಳ ಹಳೆಯ ಚಾಳಿ. ಒರೆಗಲ್ಲು ಇರುವುದು ಕೊನೆಯ ಎರಡು ಭಾಗಗಳಲ್ಲಿ. ಯುರೇನಸ್‌ನ ಕುಣಿತ ಉತ್ತುಂಗಕ್ಕೇರಿ ಆರ್ಗನ್ ಇಡೀ ಮಣೆಯ ಉದ್ದಕ್ಕೂ ಜಾರಿದ ಮರುಕ್ಷಣ ಎಲ್ಲವೂ ಕುಸಿದು, ತೀರಾ ಮೆಲ್ಲನೆಯ ಒಂದು ನಾದ ಮಾತ್ರ ಉಳಿಯುತ್ತದೆ. ಹತ್ತಿರದಿಂದ ಅನಂತಕ್ಕೆ ಒಂದೇ ಹೆಜ್ಜೆ. ಮುದ್ರಣ ಎರಡು ತುದಿಗಳನ್ನೂ ಹಿಡಿಯಬಲ್ಲದಾದರೆ ಮಾತ್ರ ಆ ಹೆಜ್ಜೆ ಕೇಳುತ್ತದೆ. ನೆಪ್ಚೂನ್‌ನ ಕೊನೆಯಲ್ಲಿ ಪರೀಕ್ಷೆ ಇನ್ನೂ ಸೂಕ್ಷ್ಮ. ಕೆಲವು ಮುದ್ರಣಗಳಲ್ಲಿ ಗಾಯಕಿಯರು ನಿಜಕ್ಕೂ ಎಲ್ಲಿಯೋ ಇದ್ದಾರೆ ಅನ್ನಿಸುತ್ತದೆ. ಬಾಗಿಲು ಮುಚ್ಚುತ್ತಿದ್ದಂತೆ ದನಿಯ ಹೊಳಪು ಮೊದಲು ಮಾಸುತ್ತದೆ, ಸಭಾಂಗಣದ ಉಸಿರು ಮಾತ್ರ ಹಾಗೇ ಇರುತ್ತದೆ. ಇನ್ನು ಕೆಲವುಗಳಲ್ಲಿ ಎಂಜಿನಿಯರ್ ಫೇಡರನ್ನು ಕೆಳಗೆಳೆದಂತೆ ಕೇಳುತ್ತದೆ. ದನಿಯ ಜೊತೆ ಕೋಣೆಯೂ ಕುಗ್ಗುತ್ತದೆ. ಮೊದಲಿನದರಲ್ಲಿ ಹಾಡು ನಮ್ಮನ್ನು ಬಿಟ್ಟು ಹೋಗುತ್ತದೆ, ಎರಡನೆಯದರಲ್ಲಿ ನಾವೇ ಅದರ ಗುಂಡಿ ಒತ್ತಿ ನಿಲ್ಲಿಸಿದಂತಿರುತ್ತದೆ. ಒಳ್ಳೆಯ ಮುದ್ರಣವೆಂದರೆ ಎಲ್ಲವೂ ಸ್ಪಷ್ಟವಾಗಿ ಕೇಳುವುದು ಎಂಬ ಸಾಮಾನ್ಯ ನಂಬಿಕೆ ಈ ಸಂಗೀತದ ಮಟ್ಟಿಗೆ ತಪ್ಪು. ಕೆಲವು ಸಂಗತಿಗಳು ಅಸ್ಪಷ್ಟವಾಗಿ ಕೇಳುವ ಹಕ್ಕನ್ನು ಉಳಿಸಿಕೊಳ್ಳಬೇಕು.

ಈಗ ದೂರವನ್ನು ಅಳಿಸುತ್ತಿರುವುದು ಮುದ್ರಣಕ್ಕಿಂತ ಹೆಚ್ಚಾಗಿ ನಾವು ಕೇಳುವ ರೀತಿ. ಆ್ಯಪ್‌ಗಳಲ್ಲಿ ಎಲ್ಲ ಹಾಡುಗಳ ಧ್ವನಿಮಟ್ಟವನ್ನು ಸಮ ಮಾಡುವ ಸೌಲಭ್ಯವೊಂದಿದೆ. ಚಿತ್ರಗೀತೆಗಳ ಪಟ್ಟಿಗೆ ಅದು ಅನುಕೂಲ. ಆದರೆ ಪ್ರತಿ ತುಣುಕನ್ನೂ ಬಿಡಿಬಿಡಿಯಾಗಿ ಸಮ ಮಾಡುವಂತೆ ಇಟ್ಟಿದ್ದರೆ ಅದು ಮಂಗಳವನ್ನು ತಗ್ಗಿಸಿ ನೆಪ್ಚೂನನ್ನು ಎತ್ತುತ್ತದೆ. ಹೋಲ್ಸ್ಟ್ ಐವತ್ತು ನಿಮಿಷ ದುಡಿದು ಕಟ್ಟಿದ ಅಂತರವನ್ನು ಒಂದು ಸೆಟ್ಟಿಂಗ್ ನೆಲಸಮ ಮಾಡುತ್ತದೆ. ಬೆಂಗಳೂರಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡವರಿಗೆ ನೆಪ್ಚೂನ್ ಕೇಳುವುದೇ ಇಲ್ಲ, ಕೇಳಲೆಂದು ಸದ್ದು ಏರಿಸಿದರೆ ಅದು ನೆಪ್ಚೂನ್ ಆಗಿ ಉಳಿಯುವುದಿಲ್ಲ. ‘ಜನಪ್ರಿಯ ಶಾಸ್ತ್ರೀಯ’ ಪಟ್ಟಿಗಳಂತೂ ಮಂಗಳ, ಗುರು ಎರಡನ್ನೇ ಎತ್ತಿಕೊಂಡು ಉಳಿದ ಐದನ್ನು ಬಿಟ್ಟುಬಿಡುತ್ತವೆ.

ನಮ್ಮ ಸಂಗೀತದಲ್ಲಿ ಪಳಗಿದ ಕಿವಿಗೆ ಇಲ್ಲೊಂದು ಹೆಚ್ಚಿನ ತೊಡಕೂ ಇದೆ. ಕಚೇರಿಯಲ್ಲಿ ನಾವು ಹಿಂಬಾಲಿಸುವುದು ರಾಗದ ಸಂಚಾರವನ್ನು, ಗಮಕದ ಬಾಗನ್ನು, ಲಯದ ಲೆಕ್ಕವನ್ನು. ಸದ್ದಿನ ಪ್ರಮಾಣ ಮೈಕಿನ ದಯೆಯಿಂದ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆ ಅಭ್ಯಾಸದಿಂದ ಬಂದವರಿಗೆ ಗುರುವಿನ ನಡುವಿನ ವಿಶಾಲವಾದ ರಾಗಧಾಟಿ ತಕ್ಷಣ ಹಿಡಿಸುತ್ತದೆ. 1921ರಲ್ಲಿ ದೇಶಭಕ್ತಿಗೀತೆಯೊಂದಕ್ಕೆ ಅಳವಟ್ಟು ಇಂಗ್ಲೆಂಡಿನ ಮನೆಮಾತಾದ ಧಾಟಿ ಅದು. ನೆಪ್ಚೂನ್‌ನಲ್ಲಿ ಅಂಥದ್ದೇನೂ ಸಿಗದೆ ‘ಇಲ್ಲಿ ಏನೂ ಆಗುತ್ತಿಲ್ಲ’ ಅನ್ನಿಸುತ್ತದೆ. ಅಲ್ಲಿ ಆಗುತ್ತಿರುವುದು ಹತ್ತಿರ-ದೂರಗಳ ಸಂಚಾರ. ಅದನ್ನೇ ಕಥನವೆಂದು ಒಪ್ಪಿಕೊಂಡ ಕಿವಿಗೆ, ತಂಬೂರಿಯ ಒಂದೇ ನಾದದೊಳಗೆ ಬಗೆಬಗೆಯ ಅನುರಣನಗಳನ್ನು ಹೆಕ್ಕುವ ನಮ್ಮದೇ ಅಭ್ಯಾಸ ಇಲ್ಲಿ ನೆರವಾಗುತ್ತದೆ.

ಸಭಾಂಗಣದಲ್ಲಿ ಕೇಳಿದರೆ ಮಾತ್ರ ಈ ದೂರ ನಿಜ, ಮುದ್ರಣದಲ್ಲಿ ಅದು ನಕಲು ಎಂದು ಹೇಳುವವರಿದ್ದಾರೆ. ಸಭಾಂಗಣಗಳೂ ಶಾಶ್ವತವಲ್ಲ. ಹೋಲ್ಸ್ಟ್‌ನ ಬಾಗಿಲಿದ್ದ ಕ್ವೀನ್ಸ್ ಹಾಲ್ 1941ರ ಮೇ ತಿಂಗಳ ಬಾಂಬಿನಲ್ಲಿ ಸುಟ್ಟುಹೋಯಿತು. ನಿರ್ದೇಶಕ ಕರಾಯನ್ 1961ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ಇದೇ ಕೃತಿಯನ್ನು ಮುದ್ರಿಸಿದ ಸೋಫಿಯೆನ್‌ಸಾಲ್ ಸಭಾಂಗಣ 2001ರಲ್ಲಿ ಬೆಂಕಿಗೆ ತುತ್ತಾಯಿತು. ಅದು ಮರಳಿ ಎದ್ದಿದೆ, ಆದರೆ ಅಂದಿನ ಆ ಗೋಡೆ ಚಾವಣಿಗಳ ನಡುವಿನ ಗಾಳಿಯನ್ನು ಇಂದು ಕೇಳಬೇಕಾದರೆ ಮುದ್ರಣವೊಂದೇ ದಾರಿ. ಅಲ್ಲದೆ ಸಭಾಂಗಣದಲ್ಲಿ ಕೆಮ್ಮುವವರು, ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಚಪ್ಪಾಳೆ ತಟ್ಟುವವರು ಇದ್ದೇ ಇರುತ್ತಾರೆ. ಮನೆಯಲ್ಲಿ ರಾತ್ರಿ ಸದ್ದಡಗಿದ ಮೇಲೆ ಒಬ್ಬರೇ ಕೇಳುವವರಿಗೆ ಆ ಕೊನೆಯ ಮೌನ ಪೂರ್ತಿಯಾಗಿ ಸಿಗಬಹುದು. ಮುದ್ರಣ ಎರಡನೆಯ ದರ್ಜೆಯದೆಂದು ಒಪ್ಪಬೇಕಾಗಿಲ್ಲ. ಮೊದಲ ದರ್ಜೆಯ ಕೇಳುವಿಕೆಯನ್ನು ಅದಕ್ಕೆ ಕೊಡಬೇಕು, ಅಷ್ಟೇ.

ಬಾಹ್ಯಾಕಾಶಕ್ಕೆ ನಿಜವಾಗಿ ಹೋದ ಧ್ವನಿಮುದ್ರಣವೊಂದಿದೆ. ಅದು ಈ ವಾದಕ್ಕೆ ಸಾಕ್ಷಿ ನುಡಿಯುತ್ತದೆ. 1977ರಲ್ಲಿ ಎರಡು ವಾಯೇಜರ್ ನೌಕೆಗಳ ಜೊತೆ ಹೊರಟ ಚಿನ್ನಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಸುಮಾರು 90 ನಿಮಿಷದ ಸಂಗೀತವಿದೆ: ಬಾಖ್, ಸ್ಟ್ರಾವಿನ್ಸ್ಕಿ, ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ಬೀಥೋವನ್‌ನ ಐದನೆಯ ಸಿಂಫನಿಯ ಮೊದಲ ಭಾಗವೂ ಇದೆ; ನುಡಿಸಿದ್ದು ಒಟ್ಟೊ ಕ್ಲೆಂಪರರ್ ನಿರ್ದೇಶನದ ಫಿಲ್ಹಾರ್ಮೋನಿಯಾ, ಮೈಸೂರಿನ ಹಣ ಒಂದು ಕಾಲದಲ್ಲಿ ಆಧರಿಸಿದ ಅದೇ ವೃಂದ. ಕಾರ್ಲ್ ಸೇಗನ್ ನೇತೃತ್ವದ ಸಮಿತಿಯ ಆಯ್ಕೆಯಲ್ಲಿ ‘ದಿ ಪ್ಲಾನೆಟ್ಸ್’ ಇಲ್ಲ. ಗ್ರಹಗಳ ನಡುವೆ ಹಾದುಹೋಗುವ ನೌಕೆಗೆ ಗ್ರಹಗಳ ಸಂಗೀತ ಬೇಕಾಗಲಿಲ್ಲ. ಮನುಷ್ಯರು ಯಾರು ಎಂದು ಹೇಳುವ ಸಂಗೀತ ಬೇಕಾಯಿತು. 2012ರಲ್ಲಿ ವಾಯೇಜರ್ 1 ಸೌರಮಾರುತದ ಗಡಿ ದಾಟಿ ನಕ್ಷತ್ರಗಳ ನಡುವಿನ ಅವಕಾಶಕ್ಕೆ ಹೋದಾಗ ಅದರ ಜೊತೆ ಹೋದದ್ದು ಇವೇ.

ಇದರಿಂದ ಹೋಲ್ಸ್ಟ್ ಸಣ್ಣವನಾಗುವುದಿಲ್ಲ. ಅವನ ಕೃತಿಯೂ ಮನುಷ್ಯರನ್ನು ಕುರಿತದ್ದೇ: ಸಿಟ್ಟು, ಶಾಂತಿ, ಚುರುಕು, ನಗು, ಮುಪ್ಪು, ಮೋಡಿ, ಕೊನೆಗೆ ನಮ್ಮ ಹಿಡಿತಕ್ಕೆ ಸಿಗದೆ ದೂರವಾಗುವುದು. ಈ ಕ್ರಮಕ್ಕೊಂದು ಅರ್ಥವಿತ್ತೆಂದು ಅವನೇ ಭಾವಿಸಿದ್ದ. ಕೆಲವೇ ಭಾಗಗಳನ್ನು ಆರಿಸಿ ನುಡಿಸುವುದು ಅವನಿಗೆ ಸೇರುತ್ತಿರಲಿಲ್ಲ. ಸುಖಾಂತವಾಗಲಿ ಎಂದು ಗುರುವನ್ನು ಕೊನೆಗಿಡುವುದಂತೂ ಖಂಡಿತ ಒಪ್ಪಿಗೆಯಿರಲಿಲ್ಲ. 1918ರಲ್ಲಿ ನಾಲ್ಕು ವರ್ಷದ ಯುದ್ಧದ ನೆರಳಿನಲ್ಲಿ ಕೂತ ಕೇಳುಗರಿಗೆ ಮಂಗಳದಿಂದ ನೆಪ್ಚೂನ್‌ವರೆಗಿನ ದಾರಿ ಜ್ಯೋತಿಷವಾಗಿ ಕಂಡಿರಲಾರದು.

ಹಾಗಾಗಿ ಈ ಸಂಗೀತವನ್ನು ಕೇಳಬೇಕಾದ ರೀತಿಯೂ ವಾದದಿಂದಲೇ ಹೊರಡುತ್ತದೆ. ಪರದೆ ಬೇಡ, ಮುಖಪುಟದ ನೆಬ್ಯುಲಾವೂ ಬೇಡ. ಧ್ವನಿಮಟ್ಟ ಸಮ ಮಾಡುವ ಸೌಲಭ್ಯವನ್ನು ಆಫ್ ಮಾಡಿಡಬೇಕು. ಮಂಗಳದ ಶಿಖರ ಕಿವಿಗೆ ಸಹ್ಯವಾಗುವಷ್ಟಕ್ಕೆ ಸದ್ದನ್ನು ಒಮ್ಮೆ ನಿಗದಿ ಮಾಡಿ, ಏಳನೆಯ ಭಾಗದವರೆಗೂ ಮುಟ್ಟಬಾರದು. ನೆಪ್ಚೂನ್‌ನಲ್ಲಿ ಕೇಳಿಸದಂತಾದರೆ ಸದ್ದು ಏರಿಸುವ ಬದಲು ಕಿವಿಯನ್ನು ಚುರುಕುಗೊಳಿಸಬೇಕು. ಏಳನ್ನೂ ಕೃತಿಯಲ್ಲಿರುವ ಕ್ರಮದಲ್ಲೇ ಒಂದೇ ಕೂರಿಕೆಯಲ್ಲಿ ಮುಗಿಸಬೇಕು. ಗ್ರಹಗಳ ವಿಷಯ ತಿಳಿಯಬೇಕಾದವರಿಗೆ ಇಸ್ರೋ, ನಾಸಾಗಳ ಚಿತ್ರಗಳೂ ಅಂಕಿಅಂಶಗಳೂ ಹೋಲ್ಸ್ಟ್‌ಗಿಂತ ಎಷ್ಟೋ ಹೆಚ್ಚು ಕೊಡುತ್ತವೆ. ಚಿತ್ರ ಕೊಡಲಾರದ ದೂರದ ಅನುಭವವನ್ನು ವಾದ್ಯವೃಂದ ಕೊಡುತ್ತದೆ, ಅದೂ ಆ ಅಂತರವನ್ನು ನಾವು ಅಳಿಸದೆ ಬಿಟ್ಟರೆ. ಬಿಡುವುದೋ ಅಳಿಸುವುದೋ ಎಂಬ ತೀರ್ಮಾನವನ್ನು ಆ್ಯಪ್‌ನ ಸೆಟ್ಟಿಂಗ್‌ಗೆ ವಹಿಸದೆ ಕೇಳುವವರೇ ಮಾಡಬೇಕು.